ರೋಮನ್ನರ ಸ್ವರಕ್ಕೆ ಪಂಚಮಿ ಉಂಡಿ

ನಾಗರಪಂಚಮಿಗೆ ಹನ್ನೊಂದು ನಮೂನೆ ಉಂಡಿ ಕಟ್ಟುವ ಮನೆಯಲ್ಲಿ ಹುಟ್ಟಿ, ಹದಿಮೂರು ನಮೂನೆ ಕಟ್ಟುವ ಮನೆಗೆ ಸೊಸೆಯಾಗಿ ಹೋದವಳು ನಾನು. ಅಂಥವಳಿಗೆ ರೋಮನ್ನರ ಹತ್ತು ಸ್ವರ ಯಾವ ಲೆಕ್ಕ? ಹೀಗೆ ಅಂದುಕೊಂಡದ್ದೇ ನನ್ನ ಮೊದಲ ತಪ್ಪು. ಉಳಿದವುಗಳನ್ನು ಅನುಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ.

ಆಗ ನಾವು ಅಮೆರಿಕದ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಹಳೇ ಕೋಬಾಲ್ ಪ್ರೋಗ್ರಾಮುಗಳೊಳಗೆ ಎರಡಂಕಿಯ ಇಸವಿಗಳನ್ನು ಹುಡುಕಿ ಹುಡುಕಿ ನಾಲ್ಕಂಕಿ ಮಾಡುವ ಕೆಲಸದಲ್ಲಿದ್ದರು. ಎರಡು ಸಾವಿರನೇ ಇಸವಿ ಬರುವುದರೊಳಗೆ ಅದು ಮುಗಿಯದಿದ್ದರೆ ಇಡೀ ಅಮೆರಿಕ ನಿಂತುಹೋಗುತ್ತದೆ ಎಂದು ಅವರ ಕಂಪನಿ ನಂಬಿತ್ತು. ಅವರೂ ನಂಬಿದ್ದರು. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಹಾಗಾಗಿ ಡೈರಿ ಬರೆಯುತ್ತಿದ್ದೆ. ಹಾಲು ಯಾವತ್ತು ತಂದೆವು, ಮೊದಲ ಹಿಮ ಎಷ್ಟು ಗಂಟೆಗೆ ಬಿತ್ತು, ಐಸೆಲಿನ್ನಿನ ಇಂಡಿಯನ್ ಅಂಗಡಿಯಿಂದ ತಂದ ಮೆಂತ್ಯ ಎಷ್ಟು ದಿನಕ್ಕೆ ಬಾಡಿತು, ಎಲ್ಲವೂ ಅದರಲ್ಲಿದೆ. ಈ ದುರಂತದ ವಿವರಗಳೂ ಅಲ್ಲಿಂದಲೇ ಬಂದವು.

ಮಗಳು ಅನಘಾ ಹೈಸ್ಕೂಲಿನ ಎರಡನೇ ವರ್ಷದಲ್ಲಿದ್ದಳು. ಲ್ಯಾಟಿನ್ ತಗೊಂಡಿದ್ದಳು. "ಸಂಸ್ಕೃತ ಇದ್ದಾಂಗ ಇರ್ತದ, ಮಾರ್ಕ್ಸ್ ಬರ್ತಾವ" ಎಂದು ಅವರಪ್ಪ ಹೇಳಿದ್ದಕ್ಕೆ! ಮಾರ್ಕ್ಸೇನೋ ಬಂದವು. ಆದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ಅವಳ ಟೀಚರ್ ಮಿಸೆಸ್ ಡಾನೆಲಿ ನಮ್ಮನ್ನು ಪಕ್ಕಕ್ಕೆ ಕರೆದು, "ಪೇಪರಿನಲ್ಲಿ ನಿಮ್ಮ ಮಗಳೇ ಮೊದಲು. ಆದರೆ ವರ್ಷದ ಮೇಲಾಯಿತು, ಅವಳ ದನಿ ಹೇಗಿದೆ ಅಂತ ನನಗಿನ್ನೂ ಗೊತ್ತಿಲ್ಲ" ಅಂದರು. ನಮ್ಮವರು ನನ್ನ ಮುಖ ನೋಡಿದರು. ಮನೆಯಲ್ಲಿ ಆ ದನಿಗೆ ಕೆಳಗಿನ ಮನೆಯವರು ಛಾವಣಿಗೆ ಪೊರಕೆಯಿಂದ ಕುಟ್ಟಿದ್ದುಂಟು.

ಈ ದೇಶಕ್ಕೆ ಬಂದಾಗಿನಿಂದ ಹುಡುಗಿ ಹೊರಗೆ ಬಾಯಿಯೇ ಬಿಡುತ್ತಿರಲಿಲ್ಲ. ಬಿಟ್ಟರೆ ಯಾರಾದರೂ ನಗುತ್ತಾರೆ ಎಂಬ ಭಯ. ಅಂಥದ್ದರಲ್ಲಿ ನವೆಂಬರಿನಲ್ಲಿ ಶಾಲೆಯ ಲ್ಯಾಟಿನ್ ಮೇಳ ಬಂತು. ಒಂದು ಮಾದರಿ ಮಾಡಿ ಇಡಬೇಕು, ಪರೀಕ್ಷಕರ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು. ಆಯ್ಕೆಯಾದವರನ್ನು ಮೂರು ದಿನದ ರಾಜ್ಯಮಟ್ಟದ ಸಮ್ಮೇಳನಕ್ಕೆ ಕರೆದೊಯ್ಯುತ್ತಾರೆ. ಅನಘಾ ಆ ಮೂರು ದಿನಗಳನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು. ಪೆನ್ಸಿಲಿನಲ್ಲಿ, ತೀರ ತೆಳ್ಳಗೆ. ಬೇಕಾದರೆ ಅಳಿಸಿಬಿಡಬಹುದು ಎನ್ನುವ ಹಾಗೆ. ಆ ಗೀಟು ನೋಡಿದ ದಿನವೇ ನಾನು ಸೆರಗು ಸಿಕ್ಕಿಸಿದೆ.

"ಏನವಾ ನಿನ್ನ ಟಾಪಿಕ್?" ಅಂದೆ.

"ಲ್ಯಾಟಿನ್ ವವೆಲ್ಸ್, ಅಮ್ಮ. ಅವು ಹೆಂಗ ಚೇಂಜ್ ಆಗಿ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್ ಆದ್ವು ಅಂತ. ನಿನಗ ಬೋರ್ ಆಗ್ತದ."

"ಹೇಳಿ ನೋಡು."

ಹೇಳಿದಳು. ರೋಮನ್ನರಿಗೆ ಅ, ಎ, ಇ, ಒ, ಉ ಎಂದು ಐದು ಸ್ವರ, ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ. ಒಟ್ಟು ಹತ್ತು. ಕ್ಲಾಸಿನ ಅಮೆರಿಕನ್ ಹುಡುಗರಿಗೆ ಈ ಹ್ರಸ್ವ ದೀರ್ಘವೇ ಕಿವಿಗೆ ಬೀಳುವುದಿಲ್ಲವಂತೆ. ನನಗೆ ನಗು ಬಂತು. ಬಳೆಗೂ ಬಾಳೆಗೂ ವ್ಯತ್ಯಾಸ ಗೊತ್ತಿಲ್ಲದವರ ಊರಿನಲ್ಲಿ ಬಳೆಗಾರನ ಗತಿಯೇನು! ಆದರೆ ಸಾಮಾನ್ಯ ರೋಮನ್ನರಿಗೂ ಬರಬರುತ್ತ ಈ ಉದ್ದ ಗಿಡ್ಡ ಬೇಜಾರಾಯಿತಂತೆ. ಅ ಮತ್ತು ಆ ಒಂದಾದವು. ಹ್ರಸ್ವ ಇ ಹೋಗಿ ದೀರ್ಘ ಏ ಜೊತೆ ಸೇರಿತು. ಹ್ರಸ್ವ ಉ ಹೋಗಿ ದೀರ್ಘ ಓ ಜೊತೆ ಸೇರಿತು. ಹತ್ತಿದ್ದದ್ದು ಏಳಾಯಿತು. ಮುಂದೆ ಸ್ಪೇನಿನವರು ಹಳೇ ಹ್ರಸ್ವ ಎ, ಹ್ರಸ್ವ ಒ ಎರಡನ್ನೂ ಒತ್ತಿ ಹೇಳುವಾಗ ಮುರಿದು ಎರಡೆರಡು ತುಂಡು ಮಾಡಿದರು. ನೆಲಕ್ಕೆ 'ತೆರ್ರಾ' ಅನ್ನುತ್ತಿದ್ದವರು 'ತಿಯೆರ್ರಾ' ಅಂದರು, ಬಾಗಿಲಿಗೆ 'ಪೊರ್ತಾ' ಅನ್ನುತ್ತಿದ್ದವರು 'ಪುವೆರ್ತಾ' ಅಂದರು. ಫ್ರಾನ್ಸಿನವರಂತೂ ಕೈಗೆ ಸಿಕ್ಕಿದ್ದನ್ನೆಲ್ಲ ಪುಡಿ ಮಾಡಿ, ಉಳಿದದ್ದನ್ನು ಮೂಗಿಗೆ ಏರಿಸಿದರು.

ಹಿಂದಿನಿಂದ ನಮ್ಮವರು ತಲೆಯಾಡಿಸಿದರು. "ನಮ್ಮಂಗ ನೋಡು. ಜಾಗಾ ಉಳಸಲಿಕ್ಕೆ ಹೋಗಿ ಎರಡಂಕಿ ಕತ್ತರಿಸಿದ್ರು, ಈಗ ಅನುಭವಿಸ್ತಾರ. ನಾ ಒಂದು ಫ್ಲೋಚಾರ್ಟ್ ಮಾಡಿ ಪ್ರಿಂಟ್ ಕೊಡ್ತೀನಿ."

"ರೀ, ಫ್ಲೋಚಾರ್ಟ್ ಯಾರು ನೋಡ್ತಾರ?" ಅಂದೆ. ನನ್ನ ತಲೆಯಲ್ಲಿ ಆಗಲೇ ಉಂಡಿ ಉರುಳುತ್ತಿದ್ದವು. ಐದು ಸ್ವರಕ್ಕೆ ಐದು ನಮೂನೆ: ಅ ಶೇಂಗಾ, ಎ ರವಾ, ಇ ಎಳ್ಳು, ಒ ಬೇಸನ್, ಉ ಗೋಧಿ. ದೊಡ್ಡ ಉಂಡಿ ದೀರ್ಘ, ಸಣ್ಣ ಉಂಡಿ ಹ್ರಸ್ವ. ಮೇಲಿನ ಹಲಗೆಯ ಮೇಲೆ ಹತ್ತು, ನಡುವಿನದರ ಮೇಲೆ ಏಳು. ಇ ಮತ್ತು ಏ ಕೂಡಿದ್ದಕ್ಕೆ ಎಳ್ಳು ರವಾ ಕಲಸಿ ಒಂದು ಉಂಡಿ. ಉ ಮತ್ತು ಓ ಕೂಡಿದ್ದಕ್ಕೆ ಗೋಧಿ ಬೇಸನ್ ಕಲಸಿ ಒಂದು. ಕೆಳಗಿನ ಹಲಗೆಯಲ್ಲಿ ಸ್ಪೇನಿಗೆ ಮುರಿದ ಉಂಡಿ, ಫ್ರಾನ್ಸಿಗೆ ಪುಡಿ ಉಂಡಿ. ನೋಡಿದ ಕೂಡಲೇ ತಿಳಿಯಬೇಕು!

ಅನಘಾ ಬೆರಳು ಮಡಿಸಿ ಹತ್ತು, ಏಳು ಎಂದು ಎಣಿಸಿ ನೋಡಿದಳು. ಆಮೇಲೆ, "ಇಟ್ಸ್ ಆ್ಯಕ್ಚುವಲಿ ಗುಡ್" ಅಂದಳು. ನನ್ನ ಜನ್ಮ ಸಾರ್ಥಕ. "ಬಟ್ ಅಮ್ಮ, ನೋಬಡಿ ಈಟ್ಸ್ ಇಟ್. ಪ್ರಾಮಿಸ್ ಮಾಡು."

ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಹಲಗೆ ಕೊಟ್ಟವಳು ಎದುರುಮನೆಯ ಪದ್ಮಾ. ಮೈಸೂರಿನವಳು. ದಸರಾ ಗೊಂಬೆ ಇಳಿಸಿ ಮೂರು ವಾರವಾಗಿತ್ತಷ್ಟೆ. "ರಾಜಾರಾಣಿ ಕೂತಿದ್ದ ಹಲಗೆ ರೀ, ಜೋಪಾನ. ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ" ಎಂದು ಹೇಳಿಯೇ ಕೊಟ್ಟಳು.

ಶುಕ್ರವಾರ ಉಂಡಿ ಕಟ್ಟಲು ಕೂತೆ. ಇಪ್ಪತ್ತೈದು ವರ್ಷ ಉಂಡಿ ಕಟ್ಟಿದ ಕೈ ನೋಡಿ. ಕಣ್ಣು ಮುಚ್ಚಿದರೂ ಒಂದೇ ಅಳತೆ! ಸಣ್ಣದು ಕಟ್ಟಬೇಕೆಂದು ಶುರುಮಾಡಿದರೂ ಬೆರಳು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಗಂಟೆ ಕಳೆದು ನೋಡಿದರೆ ತಾಟಿನಲ್ಲಿ ಎಲ್ಲವೂ ಸಮ ಸಮ. ರೋಮನ್ನರು ನೂರಾರು ವರ್ಷ ತಗೊಂಡು ಮಾಡಿದ ಕೆಲಸವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದೆ. ಹ್ರಸ್ವವೂ ಇಲ್ಲ, ದೀರ್ಘವೂ ಇಲ್ಲ!

ಎಲ್ಲವನ್ನೂ ಒಡೆದು ಚಮಚ ಹಿಡಿದೆ. ದೀರ್ಘಕ್ಕೆ ಎರಡು ಚಮಚ, ಹ್ರಸ್ವಕ್ಕೆ ಒಂದು. ಕನ್ನಡ ಶಾಲೆಯ ವ್ಯಾಕರಣದಲ್ಲೂ ಹಾಗೇ ಅಲ್ಲವೇ, ದೀರ್ಘಕ್ಕೆ ಎರಡು ಮಾತ್ರೆ, ಹ್ರಸ್ವಕ್ಕೆ ಒಂದು? ಆ ಮಾಸ್ತರರು ಇದ್ದಿದ್ದರೆ ಆನಂದಪಡುತ್ತಿದ್ದರು. ಸಣ್ಣ ಎಳ್ಳುಂಡಿ ಚೆನ್ನಾಗಿ ಬಂದವು. ದೊಡ್ಡವಕ್ಕೆ ಎರಡನೇ ಸಲ ಬೆಲ್ಲದ ಪಾಕ ಇಟ್ಟಾಗ ಪದ್ಮಾ ಫೋನ್ ಮಾಡಿದಳು. ಹಲಗೆಯ ಕಾಲಿನ ಬಗ್ಗೆ ಅವಳಿಗೆ ಇನ್ನೂ ಹೇಳುವುದಿತ್ತು. ಮಾತು ಮುಗಿಯುವಷ್ಟರಲ್ಲಿ ಪಾಕ ಗಟ್ಟಿಯಾಗಿತ್ತು. ಹಾಗೇ ಕಟ್ಟಿದೆ. ಆರಿದ ಮೇಲೆ ದೀರ್ಘ ಈ ಕೈತಪ್ಪಿ ಸಿಂಕಿಗೆ ಬಿದ್ದು ಸ್ಟೀಲಿನಲ್ಲಿ ತಗ್ಗು ಮೂಡಿತು. ಉಂಡಿಗೆ ಏನೂ ಆಗಲಿಲ್ಲ. ತಿನ್ನುವುದಕ್ಕಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಶನಿವಾರ ಬೆಳಿಗ್ಗೆ ಹೊರಟೆವು. ಹುಡುಗರೆಲ್ಲ ರೋಮನ್ ವೇಷದಲ್ಲಿ ಬರಬೇಕಿತ್ತು. ಬೇರೆಯವರು ಬೆಡ್‌ಶೀಟ್ ಸುತ್ತಿಕೊಂಡು ಬರುತ್ತಾರೆ. ನಮ್ಮ ಹುಡುಗಿಗೆ ಅವರಪ್ಪನ ಮದುವೆಯ ಜರಿ ಅಂಚಿನ ಧೋತರ! ಉಟ್ಟಾಗ ಸೀಸರನ ಮೊಮ್ಮಗಳ ಹಾಗೆ ಕಾಣುತ್ತಿದ್ದಳು. ತೊಡೆಯ ಮೇಲೆ ತಾಟು ಇಟ್ಟುಕೊಂಡು ನಾನು ಹಿಂದಿನ ಸೀಟಿನಲ್ಲಿ ಕೂತೆ. ನನ್ನ ಮೊಣಕಾಲು ನೋವಿಗೆ ಮರುಗಿ ನಮ್ಮವರು ಹೀಟರ್ ಪೂರ್ತಿ ತಿರುಗಿಸಿದರು. ಶಾಲೆ ಮುಟ್ಟುವಷ್ಟರಲ್ಲಿ ತುಪ್ಪ ಕರಗಿ, ದೀರ್ಘ ಓ ಜರುಗಿ ಬಂದು ಹ್ರಸ್ವ ಉ ಮೇಲೆ ಒರಗಿಕೊಂಡಿತ್ತು.

"ಅಮ್ಮಾ, ಅದು ಈಗಲೇ ಮರ್ಜ್ ಆಗಬಾರದು! ಅದು ಮುಂದಿನ ಹಲಗೆ!" ಎಂದು ಅನಘಾ ಚೀರಿದಳು. ಬೆರಳಿನಿಂದ ಬಿಡಿಸಿದೆ. ಚರಿತ್ರೆಯನ್ನು ಹಿಂದಕ್ಕೆ ತಳ್ಳುವುದು ಸುಲಭವಲ್ಲ. ಎರಡಕ್ಕೂ ಅರ್ಧ ಮೈ ಕಿತ್ತು ಬಂತು.

ಶಾಲೆಯ ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ತಾಟು ನೋಡಿ, "ಇದರಲ್ಲಿ ಶೇಂಗಾ ಏನಾದರೂ ಇದೆಯೇ?" ಎಂದು ಕೇಳಿದರು. ಮೆಚ್ಚಿ ಕೇಳುತ್ತಿದ್ದಾರೆ ಅಂದುಕೊಂಡೆ. "ಓ ಯೆಸ್! ವೆರಿ ಗುಡ್ ಶೇಂಗಾ!" ಅಂದು, ಬೇಕಾದರೆ ಇನ್ನೂ ಇದೆ ಎಂದು, ಉಂಡಿ ಒಡೆದರೆ ಇರಲಿ ಅಂತ ತಂದಿದ್ದ ಹೆಚ್ಚಿನ ಡಬ್ಬಿಯನ್ನೂ ತೆರೆದು ತೋರಿಸಿದೆ.

ಶೇಂಗಾ ಮೈಗೆ ಆಗದ ಮಕ್ಕಳು ಆ ಶಾಲೆಯಲ್ಲಿದ್ದಾರಂತೆ. ಹಳದಿ ಕೈಗವಸು ಹಾಕಿಕೊಂಡು ನರ್ಸಮ್ಮ ನಮ್ಮ ಅ, ಆ ಎಲ್ಲವನ್ನೂ ಎತ್ತಿ ಚೀಲಕ್ಕೆ ಹಾಕಿದರು. ಡಬ್ಬಿಯನ್ನೂ ಒಳಗಿಟ್ಟು ಬೀಗ ಹಾಕಿದರು. ಸ್ಪೇನ್, ಇಟಲಿಯವರೆಲ್ಲ ಎರಡು ಸಾವಿರ ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಸ್ವರ, ನ್ಯೂಜೆರ್ಸಿಯಲ್ಲಿ ಅರ್ಧ ನಿಮಿಷದಲ್ಲಿ ಹೋಯಿತು!

ಹಲಗೆಗಳನ್ನು ತನ್ನ ಕಾರಿನಲ್ಲಿ ತಂದಿದ್ದ ಪದ್ಮಾ ಕ್ಯಾಂಟೀನಿಗೆ ಓಡಿ ಎರಡು ಸೇಬು, ಒಂದು ಕಪ್ಪು ದ್ರಾಕ್ಷಿ ತಂದಳು. "ಸೇಬು ಆ, ದ್ರಾಕ್ಷಿ ಅ ಅಂದ್ಕೊಳ್ರೀ, ಇನ್ನೊಂದು ಸೇಬು ನಡುವಿನ ಹಲಗೆಗೆ. ಯಾರು ಕೇಳ್ತಾರೆ?" ಅಂದಳು. ಸೇಬಿಗೆ ಲ್ಯಾಟಿನ್ನಿನಲ್ಲಿ ಮಾಲುಂ, ಅದರಲ್ಲಿ ದೀರ್ಘ ಆ ಇದೆ ಎಂದು ಅನಘಾ ನೆನಪು ಮಾಡಿಕೊಂಡು ಸ್ವಲ್ಪ ಚೇತರಿಸಿಕೊಂಡಳು. ಅಷ್ಟರಲ್ಲಿ ಹಲಗೆ ಅಲ್ಲಾಡಿತು. ಕೈಗೆ ಸಿಕ್ಕ ದಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಾಲಿನ ಕೆಳಗೆ ತುರುಕಿದೆ. ಬಂಡೆಯಂತೆ ನಿಂತಿತು. ಆ ಕಾಗದದ ಮೇಲೆ 'ದಯವಿಟ್ಟು ತಿನ್ನಬೇಡಿ' ಎಂದು ನಮ್ಮವರು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ತಂದಿದ್ದರು ಎಂಬುದು ನಂತರ ತಿಳಿದುಬಂತು.

ಸುತ್ತ ನೋಡಿದೆ. ಸಕ್ಕರೆ ಚೌಕಗಳಿಂದ ಕಟ್ಟಿದ ಕ್ರೀಡಾಂಗಣ, ಕಲ್ಲು ಬೀರುವ ಯಂತ್ರ, ನೀರು ಹರಿಯುವ ಸೇತುವೆ. ನಮ್ಮವರು ಆ ಯಂತ್ರದ ಮುಂದೆ ಹೋಗಿ ನಿಂತವರು ಅಲ್ಲಿಯೇ ನಿಂತರು. ಅನಘಾ ಭಾಷಣದ ಚೀಟಿಗಳನ್ನು ಮತ್ತೆ ಮತ್ತೆ ಮೊದಲಿನಿಂದ ಜೋಡಿಸುತ್ತಿದ್ದಳು. ಅದೇ ಹೊತ್ತಿಗೆ ಧೋತರದ ನೆರಿಗೆಯೂ ಜಾರಿತು. ಪದ್ಮಾ ಸೇಫ್ಟಿಪಿನ್ ಹಿಡಿದು ಅವಳನ್ನು ಬಾತ್‌ರೂಮಿಗೆ ಎಳೆದುಕೊಂಡು ಹೋದಳು. ರೋಮ್ ಸಾಮ್ರಾಜ್ಯಕ್ಕೆ ನಾನೊಬ್ಬಳೇ ಕಾವಲು.

ಆಗ ಬಂದರು ಒಬ್ಬ ಹಿರಿಯರು. ಎತ್ತರದ ಆಳು, ಬಿಳಿ ಮೀಸೆ, ಕೋಟು. ಬೆಳಿಗ್ಗೆ ಏನೂ ತಿಂದಿರಲಿಕ್ಕಿಲ್ಲ ಅನ್ನಿಸಿತು. ರವಾ ಉಂಡಿಯನ್ನು ನೋಡಿದರು. ಬಗ್ಗಿ ನೋಡಿದರು. ಮೂಗಿನಿಂದ ಏಲಕ್ಕಿ ಘಮ ಎಳೆದುಕೊಂಡರು.

ನೋಡಿ, ನಮ್ಮ ಕಡೆ ಮನೆಗೆ ಬಂದವರು ಉಂಡಿ ಕಡೆ ಹಾಗೆ ನೋಡಿ, ನಾವು ಕೊಡದೆ ಕಳಿಸಿದರೆ ಆ ಮನೆಗೆ ಹೆಸರು ಉಳಿಯುವುದಿಲ್ಲ. ಮಾತು ಕೊಟ್ಟದ್ದು ನೆನಪಿತ್ತು. ಆದರೆ ಹತ್ತರಲ್ಲಿ ಒಂದು ಹ್ರಸ್ವ, ಅದೂ ಒಂದೇ ಚಮಚದ್ದು, ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ?

"ಪ್ಲೀಸ್, ತಗೋರಿ" ಅಂದೆ.

"ಅಯ್ಯೋ, ಬೇಡ ಬೇಡ. ನಾನು ತಿನ್ನುವ ಹಾಗಿಲ್ಲ" ಅಂದರು.

ಎಷ್ಟು ಸಂಭಾವಿತರು! ನಮ್ಮಲ್ಲಿ ಮೊದಲನೇ 'ಬೇಡ' ಅಂದರೆ ನಮಸ್ಕಾರ ಇದ್ದ ಹಾಗೆ. ಎರಡನೇದು ಅಂದರೆ ಸಣ್ಣದು ಕೊಡಿ ಅಂತ. ಮೂರನೇ ಸಲ ಅಂದರೆ ಮಾತ್ರ ಹೊಟ್ಟೆ ಸರಿಯಿಲ್ಲವೇ ಎಂದು ವಿಚಾರಿಸಬೇಕು. ಇವರು ಎರಡೇ ಸಲ ಅಂದರು. ನಾನು ಹ್ರಸ್ವ ಎ ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿಬಿಟ್ಟೆ. ಅತ್ತ ಇತ್ತ ನೋಡಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಒಂಟಿ ಉಂಡಿ ಕೊಡಬಾರದು ಅಂತ ಕೆಳಗಿನ ಹಲಗೆಯ ಸ್ಪೇನಿನ ತುಂಡನ್ನೂ ಕೊಟ್ಟೆ.

ಪಕ್ಕದ ಮೇಜಿನ ಬೆಡ್‌ಶೀಟ್ ಹುಡುಗ ಇದನ್ನೆಲ್ಲ ನೋಡುತ್ತ ನಿಂತಿದ್ದ. ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಬಡಿಸದಿದ್ದರೆ ಪಂಕ್ತಿಭೇದ, ಮಹಾಪಾಪ! ಅವನಿಗೆ ದೀರ್ಘ ಓ. ಅವನ ಹಿಂದಿನವನಿಗೆ ಹ್ರಸ್ವ ಉ. ಅವನ ತಂಗಿಗೆ ಹ್ರಸ್ವ ಇ. ಆಮೇಲೆ ಸಾಲು ಬೆಳೆಯಿತು. ಒಬ್ಬ ಸೇಬು ಕಚ್ಚಿದ, ಇನ್ನೊಬ್ಬ ದ್ರಾಕ್ಷಿ ನುಂಗಿದ. ಫ್ರಾನ್ಸಿನ ಪುಡಿಯನ್ನು ಮಿಸೆಸ್ ಡಾನೆಲಿಯೇ ಪೇಪರ್ ಕಪ್ಪಿಗೆ ಸುರಿದುಕೊಂಡು ಹೋದರು. ನನ್ನ ಕೈಗಳು ತಾವೇ ಬಡಿಸುತ್ತಿದ್ದವು. ಎರಡೂವರೆ ವರ್ಷದ ನಂತರ ಒಂದು ಪಂಕ್ತಿ ಸಿಕ್ಕಿತ್ತು!

"ಅಮ್ಮಾ."

ತಿರುಗಿದೆ. ಅನಘಾ ನಿಂತಿದ್ದಳು. ಮೂರು ಹಲಗೆ ಬೋಳಾಗಿದ್ದವು. ಉಳಿದದ್ದು ಎರಡೇ: ಮೇಲಿನ ಹಲಗೆಯ ದೀರ್ಘ ಈ, ನಡುವಿನ ಹಲಗೆಯ ಈ. ಆ ಎರಡು ಕಲ್ಲೆಳ್ಳುಂಡಿಗಳನ್ನು ಮೂವರು ಕಚ್ಚಿ ನೋಡಿ ವಾಪಸ್ ಇಟ್ಟಿದ್ದರು.

"ವೇರ್ ಆರ್ ಮೈ ವವೆಲ್ಸ್?"

ನಾನು ಖಾಲಿ ತಾಟನ್ನು ಸೆರಗಿನ ಹಿಂದೆ ಸರಿಸಿದೆ. ಆಗ ಆ ಹಿರಿಯರು ಕೋಟಿನ ಜೇಬಿನಿಂದ ಪೆನ್ನು, ಒಂದು ಹಾಳೆ ತೆಗೆದು, ಸ್ವಲ್ಪ ಕೆಮ್ಮಿ, "ನಾನು ಪರೀಕ್ಷಕ. ನೀನು ಶುರುಮಾಡಬಹುದು" ಅಂದರು. ಮೀಸೆಯ ಮೇಲೆ ರವೆ ಇತ್ತು.

ನನಗೆ ಕ್ಯಾಲೆಂಡರಿನ ಆ ಪೆನ್ಸಿಲ್ ಗೀಟು ಕಂಡಿತು. ನೆಲ ಬಾಯಿಬಿಡಲಿ ಎಂದು ಬೇಡಿಕೊಂಡೆ.

ನೆಲ ಬಿಡಲಿಲ್ಲ. ಹುಡುಗಿ ಬಿಟ್ಟಳು!

ಸಿಟ್ಟಿಗೆ ಭಯ ಎಲ್ಲಿ ಓಡಿತೋ, ಚೀಟಿಗಳನ್ನು ಮೇಜಿನ ಮೇಲೆ ಒಗೆದಳು. ಕೆಳಗಿನ ಮನೆಯವರು ಪೊರಕೆ ಎತ್ತುತ್ತಿದ್ದ ಆ ದನಿಯಲ್ಲಿ, "ಯಾರ್‍ಯಾರು ಏನೇನು ತಿಂದಿರಿ? ಎಲ್ಲರೂ ಇಲ್ಲಿ ಬನ್ನಿ!" ಎಂದು ಇಂಗ್ಲಿಷಿನಲ್ಲಿ ಗುಡುಗಿದಳು. ಇಡೀ ಸಭಾಂಗಣ ತಿರುಗಿ ನೋಡಿತು. ತಪ್ಪಿತಸ್ಥರು ಒಬ್ಬೊಬ್ಬರೇ ಬಂದರು.

"ಕಂದು ಬಣ್ಣದ್ದು, ಚಿಕ್ಕದು ತಿಂದವನು ಯಾರು? ನೀನು ಹ್ರಸ್ವ ಉ, ಇಲ್ಲಿ ನಿಲ್ಲು. ಹಳದಿ ದೊಡ್ಡದು ನೀನಾ? ದೀರ್ಘ ಓ. ನೀನು ಸೇಬು, ನೀನು ದ್ರಾಕ್ಷಿ, ಅಕ್ಕಪಕ್ಕ ನಿಲ್ಲಿ. ಸರ್, ನೀವು?"

ಪರೀಕ್ಷಕರು ತಲೆ ತಗ್ಗಿಸಿ, "ಬಿಳಿಯದು, ಚಿಕ್ಕದು" ಅಂದರು.

"ಹ್ರಸ್ವ ಎ. ಸಾಲಿಗೆ ಬನ್ನಿ."

ಬಂದರು! ಒಂಬತ್ತು ಜನ ಸಾಲಾಗಿ ನಿಂತರು. ಹತ್ತನೆಯವಳಾಗಿ ಎಳ್ಳುಂಡಿ ಹಿಡಿದು ತಾನೇ ನಿಂತಳು. "ಇದು ರೋಮ್. ಇನ್ನು ಐನೂರು ವರ್ಷ ಹೋಗಲಿ, ಉದ್ದ ಗಿಡ್ಡ ಮರೆತುಬಿಡಿ. ಸೇಬು, ದ್ರಾಕ್ಷಿ, ಕೈ ಹಿಡಿಯಿರಿ. ಹ್ರಸ್ವ ಉ, ದೀರ್ಘ ಓ, ಕೈ ಹಿಡಿಯಿರಿ. ಹ್ರಸ್ವ ಇ, ದೀರ್ಘ ಏ, ನೀವೂ." ಹತ್ತು ಜನ ಏಳು ಗುಂಪಾದರು. "ಈಗ ಸ್ಪೇನ್. ಸರ್, ನೀವು ಒಬ್ಬರೇ ನಿಲ್ಲುವ ಹಾಗಿಲ್ಲ, ನೀವು ಒಡೆಯಬೇಕು" ಎಂದು ಅವರ ಪಕ್ಕಕ್ಕೆ ಪದ್ಮಾಳನ್ನು ಎಳೆದು ನಿಲ್ಲಿಸಿ, ಇಬ್ಬರಿಂದಲೂ 'ತಿ-ಯೆರ್ರಾ' ಅನ್ನಿಸಿದಳು. ಪದ್ಮಾ 'ತಿ' ಅಂದಳು, ಪರೀಕ್ಷಕರು 'ಯೆರ್ರಾ' ಅಂದರು. ಫ್ರಾನ್ಸ್ ಬಂದಾಗ ಇಡೀ ಸಭಾಂಗಣವೇ ಮೂಗು ಹಿಡಿದುಕೊಂಡಿತು.

ಕೊನೆಗೆ ಎಳ್ಳುಂಡಿ ಎತ್ತಿ ಮೇಜಿಗೆ ಟಣ್ ಅಂತ ಕುಟ್ಟಿದಳು. "ಇದು ದೀರ್ಘ ಈ. ಇಟಲಿಗೆ ಹೋಯಿತು, ಸ್ಪೇನಿಗೆ ಹೋಯಿತು, ಫ್ರಾನ್ಸಿಗೂ ಹೋಯಿತು. ಏನೂ ಆಗಲಿಲ್ಲ. ಉಳಿದವನ್ನು ಯಾವ ಶತ್ರುವೂ ಬಂದು ಕೆಡಿಸಲಿಲ್ಲ. ದಿನಾ ಬಾಯಿಗೆ ಹಾಕಿಕೊಂಡವರೇ ಬದಲಾಯಿಸಿದರು. ನಿಮ್ಮ ಹಾಗೆ!"

ಚಪ್ಪಾಳೆ ಬಿತ್ತು. ಕೆಲವರು ನಕ್ಕರು. ಅವಳೂ ನಕ್ಕಳು, ಆಮೇಲೆ ತಾನೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಕಲ್ಲು ಬೀರುವ ಯಂತ್ರದ ಹತ್ತಿರ ನಮ್ಮವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಿಸೆಸ್ ಡಾನೆಲಿ ಕಪ್ಪು ಹಿಡಿದುಕೊಂಡೇ ನನ್ನ ಬಳಿ ಬಂದು, "ಓಹೋ, ಇದಾ ಅವಳ ದನಿ!" ಅಂದರು. ಹೂಂ, ಇದೇ ನೋಡಿ. ನಮಗೆ ಹುಟ್ಟಿದಾಗಿನಿಂದ ಗೊತ್ತು!

ಸೋಮವಾರ ಅನಘಾ ಕುಣಿಯುತ್ತ ಮನೆಗೆ ಬಂದಳು. ಆಯ್ಕೆಯಾಗಿದ್ದಳು. ಕ್ಯಾಲೆಂಡರಿನ ಮುಂದೆ ನಿಂತು ಮೂರು ದಿನಕ್ಕೂ ಪೆನ್ನಿನಿಂದ ದಪ್ಪಗೆ ಗೀಟು ಎಳೆದಳು. ಅವಳಪ್ಪ ಅಂಕಪಟ್ಟಿ ತಗೊಂಡು ಗಟ್ಟಿಯಾಗಿ ಓದಿದರು. ಮಾತಿಗೆ ಎಂಬತ್ತಕ್ಕೆ ಎಪ್ಪತ್ತೊಂಬತ್ತು. ಮಾದರಿಗೆ ಇಪ್ಪತ್ತಕ್ಕೆ ಎರಡು. ಪಕ್ಕದಲ್ಲಿ ಪರೀಕ್ಷಕರ ಷರಾ ಇತ್ತು: 'ಪರಿಶೀಲನೆಯ ವೇಳೆಗೆ ಎರಡು ಮಾತ್ರ ಉಳಿದಿದ್ದವು.'

"ನಿನಗ ಎರಡು ಮಾರ್ಕ್ಸ್ ಬಂದಾವಲ್ಲೇ!" ಎಂದು ನಮ್ಮವರು ನಕ್ಕರು.

ಆಯ್ಕೆಗೆ ಬೇಕಾದದ್ದು ಎಪ್ಪತ್ತೈದು. ರಾತ್ರಿ ಡೈರಿ ಬರೆಯುವಾಗ ನಾನು ಕಳೆದು ನೋಡಿದೆ, ಕೂಡಿ ನೋಡಿದೆ, ತಲೆಕೆಳಗು ಮಾಡಿ ನೋಡಿದೆ. ಹೇಗೆ ನೋಡಿದರೂ ನನ್ನ ಎರಡು ಇಲ್ಲದೆಯೂ ಅವಳು ಪಾಸಾಗುತ್ತಿದ್ದಳು.